ಜಾಕ್ ಮೊನೊ

ಬೇಕಾದ ವಸ್ತುವನ್ನು ಬೇಕಾದಾಗ ಮಾತ್ರ ಸಿದ್ಧಪಡಿಸಿಕೊಳ್ಳುವುದು ಜಾಣ ಗೃಹಸ್ಥನ ಲಕ್ಷಣ. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯವೂ ಹೀಗೆಯೇ ಬಾಳುತ್ತದೆ. ಈ ಮಿತವ್ಯಯದ ಗುಟ್ಟನ್ನು ಬಯಲಿಗೆ ತಂದವರಲ್ಲಿ ಫ್ರಾನ್ಸಿನ ಜಾಕ್ ಮೊನೊ ಪ್ರಮುಖರು.

ಮೊನೊ 1910ರ ಫೆಬ್ರವರಿ 9ರಂದು ಪ್ಯಾರಿಸ್ಸಿನಲ್ಲಿ ಜನಿಸಿದರು. ತಂದೆ ಚಿತ್ರಕಾರರು, ತಾಯಿ ಅಮೆರಿಕದವರು. ಬಾಲ್ಯದಲ್ಲಿ ತಗುಲಿದ ಪೋಲಿಯೋ ಒಂದು ಕಾಲನ್ನು ದುರ್ಬಲಗೊಳಿಸಿದರೂ ಅವರ ಉತ್ಸಾಹ ಕುಂದಲಿಲ್ಲ. ಬಂಡೆಗಳನ್ನು ಏರುವುದರಲ್ಲಿಯೂ ಚೆಲ್ಲೊ ಎಂಬ ತಂತಿವಾದ್ಯವನ್ನು ನುಡಿಸುವುದರಲ್ಲಿಯೂ ಅವರು ನಿಪುಣರಾದರು. ಆದರೆ ಬಾಳನ್ನು ಮುಡಿಪಾಗಿಟ್ಟುದು ವಿಜ್ಞಾನಕ್ಕೆ.

1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ಆಕ್ರಮಿಸಿತು. ಆ ಸಂಕಟದ ದಿನಗಳಲ್ಲಿಯೂ ಮೊನೊ ಸೋರ್ಬಾನ್‌ನ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಗಳಿಗೆ ಎರಡು ಬಗೆಯ ಸಕ್ಕರೆಗಳನ್ನು ಒಟ್ಟಿಗೆ ಉಣಿಸಿ ನೋಡಿದರು. ಅವು ಮೊದಲು ಒಂದನ್ನು ಮುಗಿಸಿ, ಕೆಲಕಾಲ ಬೆಳೆಯದೆ ನಿಂತು, ಅನಂತರವೇ ಮತ್ತೊಂದನ್ನು ಬಳಸತೊಡಗಿದವು. ಈ ವಿರಾಮವೇಕೆ? ಉತ್ತರ ದೊರೆಯಲು ಇಪ್ಪತ್ತು ವರ್ಷಗಳು ಬೇಕಾದವು. ಈ ನಡುವೆ ಅವರು ದೇಶದ ಬಿಡುಗಡೆಗಾಗಿ ಗುಪ್ತ ಪ್ರತಿರೋಧ ಚಳವಳಿಯನ್ನು ಸೇರಿದರು. ಸಿಕ್ಕಿಬಿದ್ದರೆ ಮರಣವೇ ಗತಿಯೆಂದು ತಿಳಿದಿದ್ದೂ ಅವರು ಹಿಂಜರಿಯಲಿಲ್ಲ.

ಯುದ್ಧಾನಂತರ ಮೊನೊ ಪಾಶ್ಚರ್ ಸಂಸ್ಥೆಯನ್ನು ಸೇರಿದರು. 1961ರಲ್ಲಿ ಅವರೂ ಫ್ರಾನ್ಸ್ವಾ ಜಾಕೋಬ್ ಅವರೂ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವದ ವಂಶವಾಹಿಯನ್ನು ಸಾಮಾನ್ಯವಾಗಿ ಒಂದು ಪ್ರೋಟೀನು ತಡೆಹಿಡಿದಿರುತ್ತದೆ. ಲ್ಯಾಕ್ಟೋಸ್ ಒಳಬಂದಾಗ ಆ ತಡೆ ಸರಿಯುತ್ತದೆ. ಆಗ ವಂಶವಾಹಿಯ ಆದೇಶದ ಪ್ರತಿಯೊಂದು ಸಿದ್ಧವಾಗಿ, ಕಿಣ್ವವನ್ನು ತಯಾರಿಸುವ ರೈಬೋಸೋಮುಗಳನ್ನು ತಲುಪುತ್ತದೆ. ಆ ಪ್ರತಿಯೇ ಸಂದೇಶವಾಹಕ ಆರ್‌ಎನ್‌ಎ. ಈ ಓಲೆಕಾರನ ಆಯುಸ್ಸು ಅತ್ಯಲ್ಪ. ಆದುದರಿಂದಲೇ ಅಗತ್ಯ ತೀರಿದೊಡನೆ ಉತ್ಪಾದನೆಯೂ ನಿಲ್ಲುತ್ತದೆ. ಈ ಸಂಶೋಧನೆಗಳಿಗಾಗಿ ಮೊನೊ, ಜಾಕೋಬ್ ಮತ್ತು ಆಂದ್ರೆ ಲ್ವೋಫ್ ಅವರಿಗೆ 1965ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

1971ರಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾದ ಮೊನೊ 1976ರ ಮೇ 31ರಂದು ನಿಧನರಾದರು. ಅವರು ತೆರೆದ ದಾರಿ ಮುಂದುವರಿಯಿತು. ಸಂದೇಶವಾಹಕವು ಕೇವಲ ಓಲೆಯನ್ನು ಒಯ್ಯುವುದಿಲ್ಲ. ಅದರ ಎಳೆ ಮಡಿಚಿಕೊಳ್ಳುವ ಬಗೆಯೂ ಉತ್ಪಾದನೆಯನ್ನು ನಿಯಂತ್ರಿಸಬಲ್ಲದೆಂದು ತಿಳಿದುಬಂದಿತು. ಕೆಲವು ಬ್ಯಾಕ್ಟೀರಿಯಗಳಲ್ಲಿ ಜೀವಸತ್ವವೊಂದು ಸಾಕಷ್ಟಿದ್ದಾಗ, ಅದೇ ಸಂದೇಶವಾಹಕಕ್ಕೆ ಅಂಟಿಕೊಂಡು ಎಳೆಯ ಮಡಿಕೆಯನ್ನು ಬದಲಿಸುತ್ತದೆ; ಒಡನೆಯೇ ಆ ಜೀವಸತ್ವದ ತಯಾರಿಕೆ ನಿಲ್ಲುತ್ತದೆ. ಇದು 2002ರಲ್ಲಿ ಸಿದ್ಧಪಟ್ಟಿತು.

ಒಂದು ಚಿಕ್ಕ ವಿರಾಮವನ್ನು ಕಂಡು, ಅದನ್ನು ಅಲಕ್ಷಿಸದೆ ಕಾರಣವನ್ನು ಹುಡುಕಿದ ಮೊನೊ ಅವರ ತಾಳ್ಮೆ ವಿದ್ಯಾರ್ಥಿಗಳಿಗೆ ಎಂದಿಗೂ ಆದರ್ಶಪ್ರಾಯವಾದುದು.