ಆಯ್ದಕ್ಕಿ ಮಾರಯ್ಯನ ದಾಸೋಹ

ಧರ್ಮಚಿಂತನೆಯು ಮನುಷ್ಯನನ್ನು ಪರೋಪಕಾರಕ್ಕೆ ಪ್ರೇರಿಸುವುದೆಂಬ ಮಾತನ್ನು ಒಪ್ಪದವರು ವಿರಳ; ಆ ಪ್ರೇರಣೆಯು ಯಾವ ಬಗೆಯದೆಂದು ವಿಚಾರಿಸುವವರು ಇನ್ನೂ ವಿರಳ. ಪುಣ್ಯದ ಆಸೆಯಿಂದ ಕೊಡುವವರುಂಟು, ಕೀರ್ತಿಗಾಗಿ ಕೊಡುವವರುಂಟು, ಪಾಪಭೀತಿಯಿಂದ ಕೊಡುವವರೂ ಉಂಟು. ಈ ಮೂರಕ್ಕೂ ಹೊರತಾದ ಮಾರ್ಗವೊಂದನ್ನು ನಡೆದು ತೋರಿಸಿದ ಶರಣನು ಬಳಗಾನೂರಿನವರಿಗೆ ದೂರದವನಲ್ಲ. ಆತನೇ ಆಯ್ದಕ್ಕಿ ಮಾರಯ್ಯ.

ಮಾರಯ್ಯನೂ ಆತನ ಧರ್ಮಪತ್ನಿ ಲಕ್ಕಮ್ಮನೂ ಲಿಂಗಸೂಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರದವರೆಂದು ಪ್ರತೀತಿ. ಇಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗದ ಹೆಸರೇ ಇರುವುದು. 12ನೇ ಶತಮಾನದಲ್ಲಿ ಬಿಜ್ಜಳನ ಮಂತ್ರಿಗಳಾಗಿದ್ದ ಬಸವಣ್ಣನವರ ಕೀರ್ತಿಯನ್ನು ಕೇಳಿ ಈ ದಂಪತಿಗಳು ಕಲ್ಯಾಣವನ್ನು ಸೇರಿದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಯಿತು. ಅದನ್ನು ಬೇಯಿಸಿ ಜಂಗಮರಿಗೆ ಉಣಬಡಿಸಿ, ಮಿಕ್ಕುದನ್ನು ಪ್ರಸಾದವೆಂದು ಸ್ವೀಕರಿಸುವುದು ಇಬ್ಬರ ನಿತ್ಯನೇಮ. ಬಡತನವಿತ್ತು, ದೈನ್ಯವಿರಲಿಲ್ಲ.

15ನೇ ಶತಮಾನದ ಶೂನ್ಯಸಂಪಾದನೆಯು ಇವರಿಗಾಗಿ ಒಂದು ಭಾಗವನ್ನೇ ಮೀಸಲಿಟ್ಟಿದೆ. ಒಮ್ಮೆ ಮಾರಯ್ಯನು ಶರಣರೊಡನೆ ತತ್ತ್ವಚರ್ಚೆಯಲ್ಲಿ ಮುಳುಗಿ ಹೊತ್ತನ್ನು ಮರೆತನು. ಲಕ್ಕಮ್ಮನು ಬಂದು, ಕಾಯಕದ ವೇಳೆ ಮೀರುತ್ತಿದೆಯೆಂದು ಎಚ್ಚರಿಸಿದಳು. ಕೂಡಲೇ ಹೊರಟ ಮಾರಯ್ಯನು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆಕೆ ಸಂತೋಷಪಡಲಿಲ್ಲ. ನಿತ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚಾದುದು ಆಸೆಯ ಫಲವೆಂದೂ, ಆಸೆಯಿಂದ ಬಂದುದು ಶಿವನಿಗೆ ಸಲ್ಲದೆಂದೂ ತಿಳಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಆತನು ಮರುಮಾತಿಲ್ಲದೆ ಹಾಗೆಯೇ ಮಾಡಿದನು. ಮುಂದೆ ಆ ಅಲ್ಪ ಅಕ್ಕಿಯಿಂದಲೇ ಬಸವಣ್ಣನವರನ್ನೂ ಅಸಂಖ್ಯಾತ ಶರಣರನ್ನೂ ತಣಿಸಿದರೆಂದು ಕಥೆ ಹೇಳುವುದು.

ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ನಾವಾದರೋ ಹಿಂದಿರುಗಿಸಿದ ಅಕ್ಕಿಯಲ್ಲಿಯೇ ಕಥೆಯ ತಿರುಳನ್ನು ಕಾಣುತ್ತೇವೆ. ಹೆಚ್ಚು ತಂದು ಹೆಚ್ಚು ದಾನಮಾಡಿದರೆ ತಪ್ಪೇನೆಂದು ಲೋಕವು ಕೇಳೀತು. ಹೆಚ್ಚು ತಂದಷ್ಟೂ ಇನ್ನೊಬ್ಬರ ಪಾಲು ಕಡಿಮೆಯಾಗುವುದೆಂಬುದನ್ನು ಆ ತಾಯಿ ಅರಿತಿದ್ದಳು. ಉಣ್ಣುವವನಲ್ಲಿ ಶಿವನನ್ನು ಕಾಣುವವರಿಗೆ ಕೊಟ್ಟೆನೆಂಬ ಗರ್ವಕ್ಕೆ ಎಡೆಯಿಲ್ಲ. ದುಡಿದುದನ್ನೇ ಕೊಡಬೇಕೆಂಬವರಿಗೆ ಕಸಿದು ಕೊಡುವ ದಾರಿಯೂ ಇಲ್ಲ. ದಾಸೋಹವು ಕೊಡುವ ಕೈಯಿಂದಲ್ಲ, ತೆಗೆದುಕೊಳ್ಳುವ ಕೈಯಿಂದಲೇ ಆರಂಭವಾಗುವುದು.

ಮಾರಯ್ಯನ ಕಾಲಕ್ಕೆ ಇಲ್ಲಿ ತುಂಗಭದ್ರೆಯ ಕಾಲುವೆ ಇರಲಿಲ್ಲ. 1953ರಲ್ಲಿ ನೀರು ಹರಿಯಲಾರಂಭಿಸಿದ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಯು ಇಂದು ಭತ್ತದ ಕಣಜವೆನಿಸಿದೆ. ಆದರೆ ಈ ಕಾಲುವೆಯ ಬಹುಪಾಲು ಭೂಮಿಯನ್ನು ಕಡಿಮೆ ನೀರಿನ ಬೆಳೆಗಳಿಗೆಂದೇ ಗೊತ್ತುಮಾಡಲಾಗಿತ್ತು. ಆ ಕಟ್ಟಳೆಯನ್ನು ಮೀರಿ ಮೇಲ್ಭಾಗದಲ್ಲಿ ಭತ್ತವನ್ನು ನಾಟಿಮಾಡುವುದರಿಂದ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರು ವರ್ಷವರ್ಷವೂ ನೀರಿಗಾಗಿ ಬಾಯಿಬಿಡುವರು. ಮೇಲೆ ನೀರನ್ನು ಮಿತಿಮೀರಿ ಎಳೆದುಕೊಂಡವರು ಜಾತ್ರೆಯಲ್ಲಿ ಅನ್ನಸಂತರ್ಪಣೆಗೆ ಅಕ್ಕಿಯ ಚೀಲಗಳನ್ನು ಕಳುಹಿದರೆ, ಲಕ್ಕಮ್ಮನು ಅದನ್ನು ದಾಸೋಹವೆಂದಾಳೆಯೆ? ತೂಬಿನ ಬೀಗವನ್ನು ಕೈಯಲ್ಲಿಟ್ಟುಕೊಂಡ ಅಧಿಕಾರಿಗಳೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳತಕ್ಕದ್ದು.

ಅಮರೇಶ್ವರನಿಗೆ ಹಣ್ಣುಕಾಯಿ ಮಾಡಿಸುವ ನಮ್ಮ ಜನರು ಆತನ ಭಕ್ತರಾದ ಈ ದಂಪತಿಗಳನ್ನೂ ನೆನೆಯಲಿ. ತಮ್ಮ ಪಾಲಿಗಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವ ಧೈರ್ಯವು ನಮ್ಮ ನಾಡಿಗೆ ಬರಲೆಂದು ಹಾರೈಸುತ್ತೇವೆ.