ಬೂಸಾ ನೆನಪಿದೆ, ಬುಟ್ಟಿ ಇಳಿಸಿದ್ದು ಮರೆತೇ ಹೋಯ್ತಾ?

ಬಿ. ಬಸವಲಿಂಗಪ್ಪ ಅಂದ ಕೂಡಲೇ ಬಹಳಷ್ಟು ಜನರಿಗೆ ನೆನಪಾಗೋದು ಬೂಸಾ ಪ್ರಕರಣ. ಕನ್ನಡ ಸಾಹಿತ್ಯದ ಬಗ್ಗೆ ಒಂದು ಮಾತಾಡಿ ಮಂತ್ರಿಗಿರಿ ಕಳೆದುಕೊಂಡವರು ಎಂಬಲ್ಲಿಗೆ ಅವರ ಕತೆ ಮುಗಿದುಬಿಡುತ್ತದೆ. ಆದರೆ ನಿಮ್ಮೂರಿನ ಚರಂಡಿ, ಪಿಟ್ಟು, ಸಕ್ಕಿಂಗ್ ಮಷಿನ್ನಿನ ಕತೆಯಲ್ಲೂ ಅವರಿದ್ದಾರೆ.

ವಕೀಲರಾಗಿದ್ದು ರಾಜಕೀಯಕ್ಕೆ ಬಂದ ಈ ದಲಿತ ನಾಯಕ, 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದಾಗ ಪೌರಾಡಳಿತ ಸಚಿವರಾದರು. ಆಗ ಸಣ್ಣ ಊರುಗಳಲ್ಲಿ ಒಳಚರಂಡಿ ಎಲ್ಲಿತ್ತು? ಮನೆಯ ಹಿಂದೆ ಒಣ ಪಾಯಿಖಾನೆ. ಬೆಳಗಾದರೆ ಒಬ್ಬರು ಬಂದು, ಬಿದ್ದಿದ್ದನ್ನು ತಗಡಿನಲ್ಲಿ ಬಳಿದು, ಬುಟ್ಟಿಗೆ ತುಂಬಿ, ತಲೆಮೇಲೆ ಹೊತ್ತು ಊರಾಚೆ ಸುರಿಯಬೇಕು. ಮಳೆ ಬಂದರೆ ಮುಖದ ಮೇಲೆಲ್ಲ ಸೋರಿಕೆ. ಬಂದವರು ಯಾವ ಜಾತಿಯವರು ಅಂತ ಯಾರೂ ಕೇಳಬೇಕಿರಲಿಲ್ಲ.

ಬಸವಲಿಂಗಪ್ಪ ಇದನ್ನು ನೈರ್ಮಲ್ಯ ಇಲಾಖೆಯ ಸಮಸ್ಯೆ ಅಂತ ನೋಡಲಿಲ್ಲ, ಜಾತಿಯ ಸಮಸ್ಯೆ ಅಂತ ನೋಡಿದರು. ತಲೆಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ ಇಂಥದ್ದೊಂದು ಕಾಯ್ದೆ ಬಂದದ್ದು ಸುಮಾರು 20 ವರ್ಷಗಳ ನಂತರ, 1993ರಲ್ಲಿ.

1973ರ ನವೆಂಬರ್‌ನಲ್ಲಿ ಮೈಸೂರಿನ ಆ ಭಾಷಣ. ಬೀದಿಗಿಳಿದ ಸವರ್ಣ ವಿದ್ಯಾರ್ಥಿಗಳು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೆಲವೇ ವಾರಗಳಲ್ಲಿ ರಾಜೀನಾಮೆ. ಅದೇ ಕಿಚ್ಚು ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟಲು ಕಾರಣವಾಯಿತು. ಬಸವಲಿಂಗಪ್ಪ ಮತ್ತೆ ಮಂತ್ರಿಯಾದರು. 1992ರಲ್ಲಿ ತೀರಿಕೊಂಡರು. ಕೇಂದ್ರದ ಕಾಯ್ದೆ ನೋಡಲು ಇನ್ನೊಂದು ವರ್ಷ ಬದುಕಬೇಕಿತ್ತು.

ಹಾಗಾದರೆ ಅವರ ಆದೇಶ ಗೆದ್ದಿತಾ? ಅರ್ಧ ಗೆದ್ದಿತು. ಬುಟ್ಟಿ ಕೆಳಗಿಳಿಯಿತು, ಆದರೆ ಮಲ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಊರುಗಳು ಉತ್ತರ ಹುಡುಕಲಿಲ್ಲ. ಮನೆಮನೆಗೆ ಪಿಟ್ಟು ಬಂತು. ಪಿಟ್ಟು ತುಂಬಿದರೆ ಅದರೊಳಗೆ ಇಳಿಯಲು ಮತ್ತೆ ಅದೇ ಜಾತಿಯ ಮನುಷ್ಯ ಬಂದ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಮ್ಮನ್ನು ಮನೆಯಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ನಿಷೇಧವಾಗಿ ಮೂರೂವರೆ ದಶಕ ಕಳೆದಿತ್ತು.

ಉತ್ತರ ಇಲ್ಲವೇ ಇಲ್ಲ ಅಂತೇನಿಲ್ಲ. 2015ರಲ್ಲಿ ದೇವನಹಳ್ಳಿಯಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಪಿಟ್ಟಿನಿಂದ ಯಂತ್ರ ಹೀರಿ ತಂದದ್ದನ್ನು ಅಲ್ಲಿ ಕೊಳೆಯಿಸಿ, ಒಣಗಿಸಿ, ಗೊಬ್ಬರ ಮಾಡುತ್ತಾರೆ. ಇಡೀ ಊರಿಗೆ ಒಳಚರಂಡಿ ಹಾಕುವಷ್ಟು ದುಡ್ಡಿಲ್ಲದ ಪುರಸಭೆಯೂ ಇಂಥದ್ದನ್ನು ಮಾಡಬಹುದು.

2023ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಪರಿಹಾರ ಏರಿಸುವ ಮಾತೇ ಬರುತ್ತಿರಲಿಲ್ಲ.

ಮುಂದಿನ ಪುರಸಭೆ ಚುನಾವಣೆಯಲ್ಲಿ ವೋಟು ಕೇಳೋಕೆ ಬಂದವರನ್ನು ಒಂದು ಮಾತು ಕೇಳಿ: ನಮ್ಮೂರಿನ ಪಿಟ್ಟಿಂದ ತೆಗೆದದ್ದು ಎಲ್ಲಿಗೆ ಹೋಗುತ್ತೆ, ತೆಗೆಯೋರು ಯಾರು? ಬಸವಲಿಂಗಪ್ಪ ಶುರು ಮಾಡಿದ ಕೆಲಸ ಮುಂದುವರಿಯೋದು ಅಲ್ಲಿಂದಲೇ.