ಸರ್ ಸಿ. ವಿ. ರಾಮನ್ ಅವರೂ ಅಕ್ಷಿಪಟಲವೂ

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ತಿರುಗುವ ಹಂಗಳ ಗ್ರಾಮವನ್ನು ನಮ್ಮ ಓದುಗರೆಲ್ಲರೂ ಬಲ್ಲರು. ಮಳೆಗಾಲದಲ್ಲಿ ಈ ಸೀಮೆಯ ಹೊಲಗಳು ಚೆಂಡುಹೂವಿನಿಂದಲೂ ಸೂರ್ಯಕಾಂತಿಯಿಂದಲೂ ತುಂಬಿ ಹೊಂಬಣ್ಣದಿಂದ ಶೋಭಿಸುವುವು. ಆ ಗ್ರಾಮದವಳಾದ ನಮ್ಮ ಹಿಂದಿನ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ತನ್ನ ತಾಯಿಯನ್ನು ಸಕ್ಕರೆ ಕಾಯಿಲೆಯ ನಿಮಿತ್ತ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದು, ಹಿಂದಿರುಗಿ ಬಂದ ಮೇಲೆ ಒಂದು ಸಂದೇಹವನ್ನು ನನ್ನ ಮುಂದಿಟ್ಟಳು. ಮಂಜಾದದ್ದು ಒಂದೇ ಕಣ್ಣು. ಯಂತ್ರವಿಟ್ಟು ಅಳೆದದ್ದು ಎರಡನ್ನೂ. ನೆಟ್ಟಗಿರುವ ಕಣ್ಣನ್ನು ಅಳೆಯುವುದೇತಕ್ಕೆ ಎಂಬುದು ಆ ತಾಯಿಯ ಪ್ರಶ್ನೆಯಾಗಿದ್ದಿತು. ಅದಕ್ಕೆ ಉತ್ತರವನ್ನು ಅರಸುತ್ತ ಹೋದ ನನಗೆ, ನಾವೆಲ್ಲರೂ ಹೆಸರು ಕೇಳಿರುವ ಒಬ್ಬ ಮಹನೀಯರ ಜೀವನದಲ್ಲಿ ಹೆಚ್ಚು ಜನರು ಓದದಿರುವ ಒಂದು ಅಧ್ಯಾಯವು ದೊರೆಯಿತು. ಅದನ್ನು ಈ ಸ್ಮರಣ ಸಂಚಿಕೆಯ ಮೂಲಕ ನಿಮಗೆ ಒಪ್ಪಿಸುತ್ತೇನೆ.

ಚಂದ್ರಶೇಖರ ವೆಂಕಟರಾಮನ್ ಅವರು ೧೮೮೮ನೆಯ ಇಸವಿ ನವಂಬರ್ ೭ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆಯವರು ಉಪಾಧ್ಯಾಯ ವೃತ್ತಿಯವರು; ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಬಾಲಕನ ವಿದ್ಯಾಭ್ಯಾಸವು ಅಲ್ಲಿಯೇ ನಡೆಯಿತು. ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಮುಗಿಸಿದ ಈ ಬಾಲಕನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೯೦೪ರಲ್ಲಿ ಬಿ. ಎ. ಪದವಿಯನ್ನು ಪ್ರಥಮ ಸ್ಥಾನದೊಡನೆಯೂ ೧೯೦೭ರಲ್ಲಿ ಎಂ. ಎ. ಪದವಿಯನ್ನೂ ಪಡೆದನು. ವಿದ್ಯಾರ್ಥಿಯಾಗಿದ್ದಾಗಲೇ, ೧೯೦೬ರಲ್ಲಿ, ಬೆಳಕಿನ ಅಲೆಗಳು ಕಿರಿದಾದ ಕಿಂಡಿಯನ್ನು ದಾಟುವಾಗ ಹೇಗೆ ಹರಡುವುವೆಂಬ ವಿಷಯವನ್ನು ಕುರಿತ ಅವನ ಲೇಖನವು ಇಂಗ್ಲೆಂಡಿನ ಒಂದು ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಕಾಲದಲ್ಲಿ ವಿಜ್ಞಾನವನ್ನು ನಂಬಿ ಬದುಕುವುದು ಕಷ್ಟವಾಗಿದ್ದುದರಿಂದ ರಾಮನ್ ಅವರು ಸರ್ಕಾರದ ಹಣಕಾಸಿನ ಇಲಾಖೆಯನ್ನು ಸೇರಿ ಕಲ್ಕತ್ತೆಗೆ ಹೋದರು. ಹಗಲು ಲೆಕ್ಕಪತ್ರಗಳ ಕೆಲಸ. ಬೆಳಿಗ್ಗೆ ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ. ಹೀಗೆ ಹತ್ತು ವರ್ಷಗಳು ಕಳೆದ ತರುವಾಯ, ೧೯೧೭ರಲ್ಲಿ ಅವರು ದೊಡ್ಡ ಸಂಬಳವನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ೧೯೨೧ರಲ್ಲಿ ಇಂಗ್ಲೆಂಡಿಗೆ ಹೋಗಿ ಬರುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲವರ್ಣವು ಅವರ ಮನಸ್ಸನ್ನು ಸೆರೆಹಿಡಿಯಿತು. ಆ ನೀಲವು ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾದುದೆಂದು ಅವರು ತೋರಿಸಿದರು. ಆ ದಾರಿಯಲ್ಲಿಯೇ ಮುಂದುವರಿದು, ೧೯೨೮ನೆಯ ಇಸವಿ ಫೆಬ್ರವರಿ ೨೮ರಂದು, ಶಿಷ್ಯರಾದ ಕೆ. ಎಸ್. ಕೃಷ್ಣನ್ ಅವರ ಸಹಾಯದಿಂದ, ಚದುರಿದ ಬೆಳಕಿನ ಅತ್ಯಲ್ಪ ಭಾಗವು, ಎಂದರೆ ಸುಮಾರು ಕೋಟಿಗೊಂದು ಪಾಲು, ತನ್ನ ಬಣ್ಣವನ್ನೇ ಬದಲಾಯಿಸಿಕೊಳ್ಳುವುದನ್ನು ಕಂಡುಹಿಡಿದರು. ಮೊದಲು ಅದನ್ನು ಕಂಡದ್ದು ದೊಡ್ಡ ಯಂತ್ರಗಳಿಂದಲ್ಲ. ಬಿಸಿಲು, ಬಣ್ಣದ ಗಾಜು, ಸಣ್ಣದೊಂದು ವರ್ಣದರ್ಶಕ, ಮತ್ತು ಕಣ್ಣು. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಲಭಿಸಿತು.

೧೯೩೩ರಲ್ಲಿ ರಾಮನ್ ಅವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಭಾರತೀಯರಲ್ಲಿ ಅವರೇ ಮೊದಲಿಗರು. ಅದೇ ವರ್ಷ ನಡೆದ ಒಂದು ಸಂಗತಿಯನ್ನು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಮರೆಮಾಚುವುದು ಸರಿಯಲ್ಲ. ಮುಂಬಯಿಯಲ್ಲಿ ಪದವಿ ಪರೀಕ್ಷೆಯನ್ನು ಶ್ರೇಷ್ಠವಾಗಿ ಮುಗಿಸಿದ್ದ ಕಮಲಾ ಭಾಗವತ್ ಎಂಬ ಯುವತಿಯು ಸಂಸ್ಥೆಯಲ್ಲಿ ಸ್ಥಾನ ಬೇಡಲು, ಹೆಂಗಸೆಂಬ ಕಾರಣದಿಂದಲೇ ಅವಳ ಅರ್ಜಿಯು ತಿರಸ್ಕೃತವಾಯಿತು. ಅವಳು ಹಿಂಜರಿಯದೆ ಬೆಂಗಳೂರಿಗೆ ಬಂದು ನ್ಯಾಯವನ್ನು ಕೇಳಿದಳು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಕಠಿಣವಾದ ಷರತ್ತುಗಳೊಡನೆ, ಅವಳನ್ನು ಸೇರಿಸಿಕೊಂಡರು. ವರ್ಷವು ಮುಗಿಯುವ ವೇಳೆಗೆ ಅವಳ ಕೆಲಸವನ್ನು ಕಂಡ ರಾಮನ್ ಅವರು ತಮ್ಮ ಅಭಿಪ್ರಾಯವನ್ನು ಬದಲಾಯಿಸಿಕೊಂಡು, ಮುಂದೆ ಸ್ತ್ರೀಯರಿಗೆ ಸಂಸ್ಥೆಯ ಬಾಗಿಲನ್ನು ತೆರೆದರು. ಆ ಯುವತಿಯೇ ೧೯೩೯ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರ್ ಪದವಿಯನ್ನು ಪಡೆದ ಕಮಲಾ ಸೊಹೋನಿ. ೧೯೪೦ರಲ್ಲಿ ಅನ್ನಾ ಮಣಿ ಅವರು ರಾಮನ್ ಅವರ ಪ್ರಯೋಗಶಾಲೆಯಲ್ಲಿಯೇ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಾಸಮಾಡಲು ತೊಡಗಿ, ಮುಂದೆ ದೇಶದ ಹವಾಮಾನ ಇಲಾಖೆಯಲ್ಲಿ ಉನ್ನತ ಪದವಿಗೆ ಏರಿದರು. ಬೆಳಕನ್ನು ಅಷ್ಟು ಸೂಕ್ಷ್ಮವಾಗಿ ನೋಡಬಲ್ಲವರೂ ಕೂಡ ಎದುರಿಗೆ ನಿಂತ ಹುಡುಗಿಯ ಯೋಗ್ಯತೆಯನ್ನು ಕಾಣದೆ ಹೋಗಬಹುದು. ಆದರೆ ಕಾಣಿಸಿದ ಮೇಲೆ ಒಪ್ಪಿಕೊಂಡರೆಂಬುದನ್ನೂ ಹೇಳಬೇಕು.

೧೯೩೪ರಲ್ಲಿ ಮೈಸೂರು ಮಹಾರಾಜರು ಬೆಂಗಳೂರಿನಲ್ಲಿ ದಯಪಾಲಿಸಿದ್ದ ಭೂಮಿಯಲ್ಲಿ ರಾಮನ್ ಅವರು ತಮ್ಮದೇ ಸಂಶೋಧನಾ ಮಂದಿರವನ್ನು ಕಟ್ಟಿಸಿ, ೧೯೪೮ರಲ್ಲಿ ನಿವೃತ್ತರಾದ ಬಳಿಕ ಕೊನೆಯವರೆಗೂ ಅಲ್ಲಿಯೇ ದುಡಿದರು. ೧೯೫೪ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿಯು ದೊರೆಯಿತು. ಎಪ್ಪತ್ತು ದಾಟಿದ ಮೇಲೆ, ಇತರರು ವಿಶ್ರಾಂತಿಯನ್ನು ಬಯಸುವ ಕಾಲದಲ್ಲಿ, ಅವರು ಹೂವುಗಳ ಬಣ್ಣವನ್ನೂ ಆ ಬಣ್ಣವನ್ನು ಕಾಣುವ ಕಣ್ಣನ್ನೂ ಅಭ್ಯಾಸಮಾಡಲು ತೊಡಗಿದರು.

ಕಣ್ಣಿನ ಗುಡ್ಡೆಯ ಒಳಭಾಗದಲ್ಲಿ, ಹಿಂಬದಿಗೆ ಅಂಟಿಕೊಂಡಿರುವ ತೆಳುಪೊರೆಗೆ ಅಕ್ಷಿಪಟಲವೆಂದು ಹೆಸರು. ಅದರ ನಡುವಿನಲ್ಲಿ ಹಳದಿ ಚುಕ್ಕೆಯೊಂದಿದ್ದು, ಅಲ್ಲಿಯೇ ನಮ್ಮ ದೃಷ್ಟಿಯು ಅತ್ಯಂತ ಸ್ಫುಟವಾಗಿರುವುದು. ಜೀವಂತವಾದ ಅಕ್ಷಿಪಟಲವನ್ನು ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬವರು ೧೮೫೧ರಲ್ಲಿಯೇ ಪ್ರಕಟಿಸಿದ್ದರು. ಅದರಲ್ಲಿ ಒಬ್ಬರು ಮತ್ತೊಬ್ಬರ ಕಣ್ಣನ್ನು ನೋಡಬೇಕು. ರಾಮನ್ ಅವರ ವಿಧಾನವಾದರೋ ತನ್ನ ಅಕ್ಷಿಪಟಲವನ್ನು ತಾನೇ ಕಾಣುವುದಕ್ಕಾಗಿ ಏರ್ಪಟ್ಟುದು. ಚೆನ್ನಾಗಿ ಬೆಳಗಿದ ಬಿಳಿಯ ಪರದೆಯನ್ನು ಬಣ್ಣದ ಹಾಳೆಯ ಮೂಲಕ ಸ್ವಲ್ಪ ಹೊತ್ತು ಒಂದೇ ಬಿಂದುವಿನಲ್ಲಿ ದೃಷ್ಟಿಯಿಟ್ಟು ನೋಡಿ, ಆ ಹಾಳೆಯನ್ನು ಥಟ್ಟನೆ ತೆಗೆದರೆ, ಪರದೆಯ ಮೇಲೆ ನೋಡುವವರ ಅಕ್ಷಿಪಟಲದ ನಡುಭಾಗವೇ ಬಹು ದೊಡ್ಡದಾಗಿ ಕ್ಷಣಕಾಲ ತೋರುವುದೆಂದು ಅವರು ವಿವರಿಸಿದರು. ಈ ಅಭ್ಯಾಸಗಳನ್ನೆಲ್ಲ ಒಟ್ಟುಗೂಡಿಸಿದ ಅವರ ಗ್ರಂಥವು ೧೯೬೮ರಲ್ಲಿ ಪ್ರಕಟವಾಯಿತು.

ಆದರೆ ಅದರಿಂದ ಅವರು ಕಟ್ಟಿದ ಸಿದ್ಧಾಂತವನ್ನು ವಿದ್ವಾಂಸರು ಅಂಗೀಕರಿಸಲಿಲ್ಲ. ಹಳದಿ ಚುಕ್ಕೆಯ ವರ್ಣದ್ರವ್ಯವೇ ನೀಲಿ ಬೆಳಕನ್ನು ನಮಗೆ ಕಾಣಿಸುವುದೆಂದು ಅವರು ಭಾವಿಸಿದ್ದರು. ಅದು ನೀಲಿ ಬೆಳಕನ್ನು ಕಾಣಿಸುವುದಲ್ಲ, ಸೋಸಿ ತಡೆಯುವುದೆಂದು ಇಂದು ತಿಳಿದಿದೆ. ಬಣ್ಣಗಳನ್ನು ಗ್ರಹಿಸುವ ದ್ರವ್ಯಗಳು ಬೇರೆಯೇ ಇವೆ. ಮಹಾವಿಜ್ಞಾನಿಯೂ ತಪ್ಪಬಹುದೆಂಬುದನ್ನು ನಮ್ಮ ಮಕ್ಕಳಿಗೆ ಹೇಳಲು ನಾವು ಅಂಜಬೇಕಾಗಿಲ್ಲ.

೧೯೭೦ನೆಯ ಇಸವಿ ನವಂಬರ್ ೨೧ರಂದು ರಾಮನ್ ಅವರು ಕಾಲವಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ದಹನವಾಯಿತು; ಆ ಸ್ಥಳದಲ್ಲಿ ಕಲ್ಲುಮಂಟಪವಿಲ್ಲ, ಒಂದು ಮರವಿದೆ.

ಅವರು ತೀರಿಕೊಂಡು ಇಪ್ಪತ್ತೊಂದು ವರ್ಷಗಳಾದ ಮೇಲೆ, ೧೯೯೧ರಲ್ಲಿ, ಅಮೆರಿಕದ ವಿದ್ವಾಂಸರು ಅಕ್ಷಿಪಟಲದ ದಪ್ಪವನ್ನು ಬೆಳಕಿನಿಂದಲೇ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಓ. ಸಿ. ಟಿ. ಎಂದು ಹೆಸರು. ಕಣ್ಣನ್ನು ಮುಟ್ಟದೆ ಒಳಕ್ಕೆ ಬಿಟ್ಟ ಬೆಳಕು ಪಟಲದ ಪದರ ಪದರದಿಂದಲೂ ಹಿಂದಿರುಗುವುದು. ಅದನ್ನು ಮತ್ತೊಂದು ಬೆಳಕಿನೊಡನೆ ಬೆರೆಸಿ, ಅಲೆಗಳು ಕೂಡುವ ಬಗೆಯಿಂದ ಆಳವನ್ನು ಗೊತ್ತುಮಾಡುವರು. ಆರೋಗ್ಯವಾದ ಕಣ್ಣಿನಲ್ಲಿ ಹಳದಿ ಚುಕ್ಕೆಯ ನಟ್ಟನಡುವೆ ದಪ್ಪವು ಸುಮಾರು ಕಾಲು ಮಿಲಿಮೀಟರು. ಅದನ್ನು ಸುತ್ತಿದ ಭಾಗದಲ್ಲಿ ಸುಮಾರು ಮೂರನೆಯ ಒಂದು ಮಿಲಿಮೀಟರು. ಸಕ್ಕರೆ ಕಾಯಿಲೆಯಿಂದ ನೀರು ಇಳಿದರೆ ಪಟಲವು ಊದಿಕೊಳ್ಳುವುದು. ಗ್ಲಾಕೋಮಾ ರೋಗದಲ್ಲಿ ನರತಂತುಗಳ ಪದರವು ಸವೆಯುವುದು. ಆದರೆ ಆರೋಗ್ಯವಂತರಲ್ಲಿಯೂ ವಯಸ್ಸು, ಜನಾಂಗ, ಗಂಡು ಹೆಣ್ಣೆಂಬ ಭೇದ, ಅಳೆಯುವ ಯಂತ್ರ, ಇವುಗಳಿಂದ ಅಳತೆಯು ವ್ಯತ್ಯಾಸವಾಗುವುದು. ಆದಕಾರಣ ನೆಟ್ಟಗಿರುವ ಕಣ್ಣುಗಳ ಅಳತೆ ತಿಳಿಯದೆ ಕೆಟ್ಟ ಕಣ್ಣಿನ ಕೇಡನ್ನು ಎಣಿಸಲಾಗದು. ಮೇಲಾಗಿ ಈ ಕಾಯಿಲೆಗಳು ದೃಷ್ಟಿ ಮಂಜಾಗುವ ಮುನ್ನವೇ ಮೊದಲಾಗಬಹುದು. ಹಂಗಳದ ಆ ತಾಯಿಯ ಪ್ರಶ್ನೆಗೆ ಇದೇ ಉತ್ತರ.

ಈ ಯಂತ್ರವು ರಾಮನ್ ಅವರದಲ್ಲ. ಆದರೆ ಅವರ ಹೆಸರಿನ ಪರಿಣಾಮವೂ ಕಣ್ಣನ್ನು ಸೇರದೆ ಉಳಿಯಲಿಲ್ಲ. ಹಳದಿ ಚುಕ್ಕೆಯ ವರ್ಣದ್ರವ್ಯಗಳಲ್ಲಿ ಲ್ಯೂಟಿನ್ ಎಂಬುದು ಒಂದು. ಜೀವಂತರ ಕಣ್ಣಿನಲ್ಲಿ ಅಂತಹ ದ್ರವ್ಯ ಎಷ್ಟಿದೆಯೆಂಬುದನ್ನು ರಾಮನ್ ಪರಿಣಾಮದಿಂದಲೇ ಅಳೆಯುವ ಬಗೆಯನ್ನು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದವರು ರೂಪಿಸಿದರು. ಆ ಲ್ಯೂಟಿನ್ ದ್ರವ್ಯವೇ ಚೆಂಡುಹೂವಿನ ದಳಗಳಲ್ಲಿಯೂ ಇರುವುದು. ನಮ್ಮ ಗುಂಡ್ಲುಪೇಟೆ ಸೀಮೆಯ ರೈತರು ಬಣ್ಣ ತೆಗೆಯುವುದಕ್ಕಾಗಿ ಬೆಳೆದು ಕೊಡುವುದು ಆ ಹೂವನ್ನೇ. ನಮ್ಮ ಹೊಲದ ಹೊಂಬಣ್ಣವೂ ಕಣ್ಣಿನೊಳಗಿನ ಹಳದಿಯೂ ಒಂದೇ ಕುಲದವು.

ಹಿಂದಿನ ವಿದ್ಯಾರ್ಥಿನಿಯರೇ, ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ದೃಷ್ಟಿ ಮಂಜಾಗುವವರೆಗೂ ಕಾಯದೆ ವರ್ಷಕ್ಕೊಮ್ಮೆ ಅವರ ಕಣ್ಣುಗಳನ್ನು ತೋರಿಸಿರಿ. ತಾಯಿತಂದೆಗಳೇ, ನಿಮ್ಮ ಮಗಳು ವಿಜ್ಞಾನವನ್ನು ಓದಬೇಕೆಂದು ಕೇಳಿದಾಗ, ಅವಳಿಂದ ಆಗದೆಂದು ಮೊದಲೇ ತೀರ್ಮಾನಿಸಬೇಡಿರಿ. ರಾಮನ್ ಅವರಂತಹವರೂ ಹಾಗೆ ತೀರ್ಮಾನಿಸಿ, ಒಂದು ವರ್ಷ ನೋಡಿದ ಮೇಲೆ ಅದನ್ನು ತಿದ್ದಿಕೊಂಡರು.